ಶಿವಣ್ಣನ ಎಲೆಗೆ ಮಾವಿನ ಹಣ್ಣು

ನಾವು ಭಾರತೀನಗರಕ್ಕೆ ಬಂದ ವಾರವೇ ಬಾಡಿಗೆ ಮನೆಯ ಒಡತಿ ಜಯಮ್ಮ ಹಬ್ಬದ ಊಟಕ್ಕೆ ಕರೆದರು. ನಾನೂ ಹೆಂಡತಿ ಶೈಲಾಳೂ ಪಕ್ಕದಲ್ಲೇ ಇದ್ದ ಅವರ ಮನೆಗೆ ಹೋದರೆ ಬಾಗಿಲು ಮುಚ್ಚಿತ್ತು. ಮನೆಮಂದಿ, ನೆಂಟರು, ಮಕ್ಕಳು ಎಲ್ಲರೂ ಅಂಗಳದಲ್ಲಿ ಸುಮ್ಮನೆ ನಿಂತಿದ್ದರು. ಒಳಗಿನಿಂದ ಮಸಾಲೆಯ ಘಮ ಬರುತ್ತಿತ್ತು. ಜಗಲಿಯ ಮೇಲೆ ಕೂತಿದ್ದ ಜಯಮ್ಮನ ಅತ್ತೆ ಪುಟ್ಟಜ್ಜಿಯನ್ನು, ಒಳಗೆ ಯಾರಾದರೂ ಇದ್ದಾರೇನು ಎಂದು ಕೇಳಿದೆ.

"ಅವ್ರೆ. ಉಣ್ತಾವ್ರೆ. ಮೆತ್ತಗ್ ಮಾತಾಡು" ಎಂದಳು ಅಜ್ಜಿ.

ಯಾರು ಉಣ್ಣುತ್ತಿದ್ದಾರೆ ಎಂದು ಕೇಳಿದೆ.

"ಸತ್ತೋದೋರು."

ನಾನು ಶೈಲಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಎದ್ದು ಹೋಗಿ ಬಾಗಿಲು ಬಡಿದಳು. ಪರರ ಮನೆಗೆ ಹೋಗುವವರ ಹಾಗೆ ಒಂದು ಸಲ ಕೆಮ್ಮಿದಳು, ಆಮೇಲೆ ತೆರೆದಳು. ಒಳಗೆ ಗೋಡೆಗೆ ಒರಗಿಸಿದ ಒಂದು ಫೋಟೋ, ಅದರ ಮುಂದೆ ಹೊಸ ಪಂಚೆ, ಶರಟು, ಒಂದು ಕಟ್ಟು ಬೀಡಿ. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ. ಎಲೆಯ ಬಲಗಡೆಗೆ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಮಾವಿನ ಜ್ಯೂಸಿನ ಒಂದು ಪ್ಲಾಸ್ಟಿಕ್ ಬಾಟಲಿ. ಉಳಿದದ್ದೆಲ್ಲ ಹೇಗೋ ಅರ್ಥವಾಯಿತು, ಈ ಬಾಟಲಿ ಮಾತ್ರ ಅರ್ಥವಾಗಲಿಲ್ಲ. ಸತ್ತವರಿಗೂ ಈ ಬಣ್ಣದ ನೀರು ಕುಡಿಸುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಧಾರವಾಡದ ಗೆಳೆಯರೇ, ನೀವು ಫೋನು ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಆ ಊರು ಹೆಂಗೈತಿ? ಒಂದು ಮಾತಿನಲ್ಲಿ ಹೇಳಲು ಬಾರದೆ ಇಷ್ಟು ದಿನ ತಪ್ಪಿಸಿಕೊಂಡೆ. ಒಂದು ವರ್ಷ ತುಂಬಿತು, ಇನ್ನು ಹೇಳಬಹುದು.

ಶೈಲಾಳಿಗೆ ಇಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿದ್ದರಿಂದ ಬಂದೆವು. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಅದನ್ನು ಎಲ್ಲಿ ಕೂತೂ ಮಾಡಬಹುದು ಎಂದು ನಾನೇ ದೊಡ್ಡ ಮನಸ್ಸಿನಿಂದ ಹೇಳಿದ್ದೆ. ಎಲ್ಲಿ ಕೂತೂ ಮಾಡಬಹುದು ಅನ್ನುವ ಕೆಲಸವನ್ನು ಯಾರ ಜೊತೆಗೂ ಮಾಡಲಾಗುವುದಿಲ್ಲ ಎಂದು ಬಂದ ಮೇಲೆ ತಿಳಿಯಿತು. ಅವಳು ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ. ಆ ನಡುವೆ ನಾನು, ಕರಡು, ಮತ್ತು ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಾಡು. ಓಣಿಯಲ್ಲಿ ನನಗೆ ಹೆಸರೂ ಇರಲಿಲ್ಲ. ‘ಮೇಡಮ್ಮೋರ್ ಯಜಮಾನ್ರು’ ಎನ್ನುತ್ತಿದ್ದರು. ಪುಟ್ಟಜ್ಜಿ ಅಷ್ಟನ್ನೂ ಹೇಳಲು ಬೇಸರಪಟ್ಟು ‘ಧಾರ್ವಾಡ್ದೋನೆ’ ಎಂದು ಕೂಗುತ್ತಿದ್ದಳು.

ನಮ್ಮ ಕಡೆ ಜಗಳ ಆಡುವಾಗಲೂ ‘ರೀ’ ಬಿಡುವುದಿಲ್ಲ. ‘ನಿಮ್ಮ ಹಲ್ಲ ಮುರೀತೇನ್ರಿ’ ಎನ್ನುವ ಜನ ನಾವು. ಇಲ್ಲಿ ಪ್ರೀತಿಯ ಮಾತೂ ಜಗಳದ ಹಾಗೇ ಕೇಳಿಸುತ್ತದೆ. ಮೊದಲ ತಿಂಗಳಲ್ಲಿ ಚಹಾದ ಅಂಗಡಿಯ ಮುಂದೆ ಇಬ್ಬರು ‘ಏನ್ಲಾ’, ‘ಓಗ್ಲೇ’ ಎಂದು ಕೂಗಾಡುವುದನ್ನು ಕಂಡು, ಬಿಡಿಸಬೇಕೇನೋ ಎಂದು ಹತ್ತಿರ ಹೋದೆ. ಒಬ್ಬ ಇನ್ನೊಬ್ಬನನ್ನು ಮಗಳ ಮದುವೆಗೆ ಕರೆಯುತ್ತಿದ್ದ. ಇಬ್ಬರೂ ಒಂದೇ ಬೈಕು ಹತ್ತಿ ಹೋದರು. ‘ರೀ’ ಇಲ್ಲದ ಮಾತಿಗೆ ಮೈ ಒಗ್ಗಲು ನನಗೆ ಬಹಳ ದಿನ ಬೇಕಾಯಿತು.

ಊಟದ ವಿಷಯ ಕೇಳಬೇಡಿ. ಜೋಳದ ಹಿಟ್ಟಿಗಾಗಿ ಮಂಡ್ಯಕ್ಕೆ ಹೋಗಿ ಪೇಟೆಯೆಲ್ಲ ಸುತ್ತಿದೆ. ಒಬ್ಬ ಅಂಗಡಿಯವನು ಮುಸುಕಿನ ಜೋಳದ ಹಿಟ್ಟು ಕಟ್ಟಿಕೊಟ್ಟ. ಬಿಳಿಜೋಳ ಸಿಕ್ಕ ದಿನ ನಾನು ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಇತ್ತ ಜಯಮ್ಮ ನನಗೆ ಮುದ್ದೆ ನುಂಗುವುದನ್ನು ಕಲಿಸಲು ಹೊರಟರು. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿಯದೆ ನುಂಗುವುದು ಜ್ವರದ ಗುಳಿಗೆ ಮಾತ್ರ ಎಂದು ನಂಬಿದ್ದ ನನಗೆ ಮೊದಲ ಮುದ್ದೆ ಗಂಟಲಲ್ಲೇ ನಿಂತಿತು. ಈಗ ದಿನಕ್ಕೊಂದು ಇಲ್ಲದಿದ್ದರೆ ಉಂಡ ಹಾಗೆ ಆಗುವುದಿಲ್ಲ.

ಹಣ್ಣುಗಳಿಗಂತೂ ಒಂದಕ್ಕೂ ನಮ್ಮ ಹೆಸರಿಲ್ಲ. ನಮ್ಮ ಪೇರಲ ಇಲ್ಲಿ ಸೀಬೆ, ಚಿಕ್ಕು ಇಲ್ಲಿ ಸಪೋಟ, ಪಪ್ಪಾಯಿ ಇಲ್ಲಿ ಪರಂಗಿ. ನಮ್ಮ ಆಪೂಸ ಮಾವಿಗೆ ಇವರು ಬಾದಾಮಿ ಎನ್ನುತ್ತಾರೆ. ಬದಲಾಗದೆ ಉಳಿದದ್ದು ‘ಅವ್ವ’ ಒಂದೇ. ಇಲ್ಲಿನ ಮಕ್ಕಳೂ ಅವ್ವ ಎಂದೇ ಕರೆಯುತ್ತವೆ. ಬಾಗಿಲ ಹೊರಗೆ ಯಾರದೋ ಮಗು ಹಾಗೆ ಕೂಗಿದಾಗ ಮೊದಮೊದಲು ನಾನು ಪೆನ್ನು ಕೆಳಗಿಟ್ಟು ತಲೆ ಎತ್ತುತ್ತಿದ್ದೆ.

ನನ್ನ ಅವ್ವ ತೀರಿಕೊಂಡು ಕೆಲವು ವರ್ಷವಾಯಿತು. ಅವಳು ಹರೆಯದಲ್ಲಿ ಧಾರವಾಡದಲ್ಲಿ ನಡೆದ ಒಂದು ತರಬೇತಿಯಲ್ಲಿ ಹಣ್ಣನ್ನು ಗಾಜಿನ ಬಾಟಲಿಗೆ ಹಾಕಿ ಕೆಡದಂತೆ ಇಡುವುದನ್ನು ಕಲಿತಿದ್ದಳು. ಉಪ್ಪಿನಕಾಯಿಯಲ್ಲ, ಮುರಬ್ಬವಲ್ಲ. ಹಣ್ಣು ಹಣ್ಣಾಗಿಯೇ, ಹೋಳು ಹೋಳಾಗಿ, ಸಕ್ಕರೆಯ ತಿಳಿಪಾಕದಲ್ಲಿ ಆರು ತಿಂಗಳು ಕೂತಿರುತ್ತದೆ. ಬೇಸಿಗೆಯ ಆಪೂಸನ್ನು ದೀಪಾವಳಿಗೆ ತೆಗೆದು ಬಂದವರಿಗೆ ಕೊಟ್ಟು, ಅವರ ಮುಖ ನೋಡುವುದು ಅವಳ ದೊಡ್ಡ ಖುಷಿ. ಬೇಸರ ಕಳೆಯಲು ನಾನು ಆ ಕೆಲಸ ಹಿಡಿದೆ. ಜಯಮ್ಮನ ಹಿತ್ತಲಲ್ಲಿ ಸೀಬೆ ಹಣ್ಣು ಉದುರಿ ಬೀಳುತ್ತಿದ್ದವು. ಮದ್ದೂರಿಗೆ ಹೋಗಿ ಗಾಜಿನ ಬಾಟಲಿಗಳನ್ನೂ ಹೊಸ ಮುಚ್ಚಳಗಳನ್ನೂ ತಂದು ನಾಲ್ಕಾರು ಬಾಟಲಿ ತುಂಬಿದೆ. ಗಂಡಸು ಒಲೆಯ ಮುಂದೆ ಬಾಟಲಿ ಕುದಿಸುತ್ತಾನೆಂದು ಓಣಿಯ ಹೆಂಗಸರು ಕೆಲಸ ಬಿಟ್ಟು ನೋಡಲು ಬಂದರು. ಸಾರಾಯಿ ಇಳಿಸುತ್ತಿದ್ದಾನೆಂದು ಒಬ್ಬಳು ತಮಾಷೆ ಮಾಡಿದಳು. ಆ ದಿನದಿಂದ ನನ್ನನ್ನು ಮಾತಾಡಿಸುವ ಜನ ಹೆಚ್ಚಾದರು.

ಜಯಮ್ಮನಿಗೆ ಒಂದು ಬಾಟಲಿ ಕೊಟ್ಟೆ. ಅವರು ಅದನ್ನು ಗಂಡನ ಫೋಟೋದ ಪಕ್ಕ ಷೋಕಿಗೆ ಇಟ್ಟ ಹಾಗೆ ಇಟ್ಟರು. ಯುಗಾದಿಗೆ ನೆಂಟರು ಬಂದಾಗ ತೆರೆದರು. ಮರುದಿನ ತೊಳೆದ ಬಾಟಲಿಯ ತುಂಬ ಹೆಸರುಬೇಳೆ ಹಾಕಿ ವಾಪಸು ತಂದರು. ಈ ಸೀಮೆಯಲ್ಲಿ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ನಮ್ಮಲ್ಲೂ ಇದು ಇದೆ, ಆದರೆ ನಾವು ಚಿಟಿಕೆ ಸಕ್ಕರೆ ಹಾಕಿ ಮುಗಿಸುತ್ತೇವೆ, ಇವರು ತುಂಬಿಯೇ ಕೊಡುತ್ತಾರೆ. ಬಾಟಲಿ ಕೊಟ್ಟ ಮೇಲೂ ಜಯಮ್ಮ ಹೋಗದೆ ಬಾಗಿಲಲ್ಲಿ ನಿಂತರು.

"ಅಣ್ಣ, ಮಾವ್ನಣ್ಣುನ್ನೂ ಇಂಗೇ ಮಡಗ್ಬೋದಾ?" ಎಂದು ಕೇಳಿದರು.

ಇಡಬಹುದು ಎಂದೆ.

"ಪಕ್ಸದ್ ಗಂಟ ಇದ್ದಾತಾ?"

ಪಕ್ಷ ಎಂದರೆ ಪಿತೃಪಕ್ಷ, ನಾವು ಬಂದ ವಾರ ಕಂಡ ಆ ಹಬ್ಬ. ಆಗ ಅವರು ಹೇಳಿದ್ದನ್ನು ಕೇಳಿ ಆ ಹಳದಿ ಬಾಟಲಿ ನನಗೆ ಅರ್ಥವಾಯಿತು. ಅವರ ಗಂಡ ಶಿವಣ್ಣನಿಗೆ ಮಾವಿನ ಹಣ್ಣೆಂದರೆ ಪ್ರಾಣ. ಮದ್ದೂರಿನಿಂದ ಬಾದಾಮಿಯ ಕಸಿ ಸಸಿ ತಂದು ಹಿತ್ತಲಲ್ಲಿ ನೆಟ್ಟು, ಮಗುವಿನ ಹಾಗೆ ನೀರೆರೆದು ಬೆಳೆಸಿದ್ದರು. ಮೊದಲ ಹೂವನ್ನು ಗಿಡ ಬಲಿಯಲಿ ಎಂದು ತಾವೇ ಕಿತ್ತುಹಾಕಿದ್ದರಂತೆ. ಮುಂದಿನ ವರ್ಷ ಗಿಡ ಕಾಯಿ ಬಿಡುವ ಹೊತ್ತಿಗೆ ಅವರೇ ಇರಲಿಲ್ಲ. ಎದೆನೋವೆಂದು ಮಲಗಿದವರು ಏಳಲಿಲ್ಲ. ತಾವು ನೆಟ್ಟ ಗಿಡದ ಒಂದು ಹಣ್ಣನ್ನೂ ಅವರು ತಿನ್ನಲಿಲ್ಲ. ಹಣ್ಣು ಬರುವುದು ಬೇಸಿಗೆಗೆ, ಸತ್ತವರು ಊಟಕ್ಕೆ ಬರುವುದು ಮಳೆಗಾಲ ಮುಗಿಯುವಾಗ. ಎಡೆಗೆ, ಅಂದರೆ ಸತ್ತವರಿಗೆ ಬಡಿಸುವ ಆ ಎಲೆಗೆ, ಆಗ ಎಲ್ಲಿಂದ ತರುವುದು ಮಾವನ್ನು? ಅದಕ್ಕೇ ಜಯಮ್ಮ ಪ್ರತಿ ವರ್ಷ ಅಂಗಡಿಯ ಜ್ಯೂಸು ಇಡುತ್ತಿದ್ದರು. "ಅದ್ನ ಮಡಗ್ವಾಗೆಲ್ಲ ಅವ್ರ್ ಮಕ ನೋಡಕ್ಕಾಗಲ್ಲ ಕಣಣ್ಣ" ಎಂದರು.

ಇದನ್ನು ನಾನು ಮಾಡಿಯೇ ತೀರುತ್ತೇನೆ ಎಂದು ಅವರಿಗೆ ಮಾತು ಕೊಟ್ಟೆ. ಈ ಊರಿನಲ್ಲಿ ನನ್ನಿಂದ ಯಾರಿಗಾದರೂ ಏನಾದರೂ ಬೇಕಾದದ್ದು ಅದೇ ಮೊದಲು.

ಮೇ ತಿಂಗಳ ಕೊನೆಗೆ ಗಾಳಿಮಳೆ ಶುರುವಾಗುತ್ತದೆಂದು ಹೆದರಿ ಜಯಮ್ಮ ಬಲಿತ ಕಾಯಿಗಳನ್ನೆಲ್ಲ ಇಳಿಸಿದರು. ಎಳೆಯ ಗಿಡ, ಫಲ ಅಷ್ಟಕ್ಕಷ್ಟೆ. ಒಂದು ಬುಟ್ಟಿಯನ್ನು ಮಳವಳ್ಳಿಗೆ ಕೊಟ್ಟ ಮಗಳು ಸವಿತಾಳಿಗೆ ಕಳಿಸಿದರು. ಉಳಿದದ್ದನ್ನು ಹುಲ್ಲಿನಲ್ಲಿಟ್ಟು, ಬಣ್ಣ ತಿರುಗಿ ಇನ್ನೂ ಗಟ್ಟಿಯಾಗಿರುವಾಗಲೇ ಹೊರತೆಗೆದೆವು. ಪೂರ್ತಿ ಮಾಗಿದ ಹಣ್ಣು ಪಾಕದಲ್ಲಿ ಕರಗಿಹೋಗುತ್ತದೆ. ಹೋಳು ಮಾಡಿ, ಕುದಿಸಿದ ಬಾಟಲಿಗಳಿಗೆ ತುಂಬಿ, ನಿಂಬೆರಸ ಹಿಂಡಿದ ಬಿಸಿ ಪಾಕ ಹೊಯ್ದು, ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಬಾಯಿ ಒರೆಸಿ ಮುಚ್ಚಳ ಹಾಕಿದೆವು. ಜಯಮ್ಮ ಸ್ನಾನದ ನೀರು ಕಾಯಿಸುವ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ್ದರು. ತಳಕ್ಕೆ ಗೋಣಿ ಹಾಸಿ, ಬಾಟಲಿ ಮುಳುಗುವಷ್ಟು ನೀರು ಹಾಕಿ, ತೆಂಗಿನ ಗರಿಯ ಉರಿಯಲ್ಲಿ ಕುದಿಸಿ, ಇಳಿಸಿ ಜಗಲಿಯ ನಾಲ್ಕು ಕಾಲಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ಇನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಆರುತ್ತ ಆರುತ್ತ ಒಳಗಿನ ಬಿಸಿಗಾಳಿ ಕುಗ್ಗಿ ಮುಚ್ಚಳವನ್ನು ತಾನೇ ಎಳೆದು ಹಿಡಿದುಕೊಳ್ಳುತ್ತದೆ. ಮುಚ್ಚಳದ ಹೊಟ್ಟೆ ಒಳಕ್ಕೆ ಹೋಗಿದ್ದರೆ ಗೆದ್ದ ಹಾಗೆ. ಇದನ್ನೆಲ್ಲ ಜಯಮ್ಮನಿಗೆ ವಿವರವಾಗಿ ಹೇಳಿ ಮನೆಗೆ ಬಂದೆ. ಪುಟ್ಟಜ್ಜಿ ಆಗ ತೋಟದ ಕಡೆ ಹೋಗಿದ್ದಳು.

ಬೆಳಿಗ್ಗೆ ಹೋಗಿ ನೋಡಿದರೆ ಬಾಟಲಿಗಳ ಮುಚ್ಚಳಗಳೆಲ್ಲ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿಟ್ಟಿವೆ. ಬಾಟಲಿಗಳ ಬಾಯಿಗೆ ಒಂದು ತೆಳು ಪಂಚೆ ಹೊದಿಸಿದೆ. ಪಂಚೆ ಎತ್ತಿದೆ. ಹಲಗೆಯ ಕಾಲಿನಿಂದ ಹಿಡಿದು ಪ್ರತಿ ಬಾಟಲಿಯ ಒಳಗಿನವರೆಗೂ ಕೆಂಪಿರುವೆಗಳ ಸಾಲು. ಪಾಕದ ಮೇಲೆ ಇರುವೆಯ ಕೆನೆ ಕಟ್ಟಿತ್ತು.

ಯಾರು ಇದನ್ನು ಮಾಡಿದ್ದು ಎಂದು ಕೂಗಿದೆ. ಅಜ್ಜಿ ಒಳಗಿನಿಂದ ಬಂದು ನಿಂತಳು. ತಾನೇ ತೆಗೆದದ್ದು ಎಂದಳು. ಯಾಕೆ ತೆಗೆದಿರಿ ಎಂದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಬಿಸೀದ್ನ ಮುಚ್ಚುದ್ರೆ ಬೆವ್ತು ಅಳಸ್ತದೆ. ನಿಮ್ ಸೀಮೇಲಿ ಅಷ್ಟೂ ಗೊತ್ತಿಲ್ವಾ?"

ಬಿಸಿ ಅನ್ನ, ಬಿಸಿ ಸಾರು, ಕಾದ ಹಾಲು, ಯಾವುದನ್ನೂ ಆರದೆ ಮುಚ್ಚಬಾರದೆಂದು ನನ್ನ ಅವ್ವನೂ ಸಾವಿರ ಸಲ ಹೇಳಿದ್ದಾಳೆ. ಮಗನಿಗೆ ಸೇರಬೇಕಾದ ಹಣ್ಣು ಹಳಸದಿರಲಿ ಎಂದು ಆ ಮುದುಕಿ ಬಿಗಿಯಾದ ಮುಚ್ಚಳಗಳ ಮೇಲೆ ಸೆರಗು ಹಿಡಿದು ತಿರುಗಿಸಿ ತೆಗೆದಿದ್ದಳು. ಹಾಗಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆ ಹಣ್ಣನ್ನೆಲ್ಲ ಅವರ ಎಮ್ಮೆ ತಿಂದಿತು. ಕರಡಿನಾಗ ತಪ್ಪು ಸಿಕ್ಕರ ಕುಣೀತೀರಿ, ಇಲ್ಲಿ ಯಾಕ ಮಾರಿ ಗಂಟು ಹಾಕೀರಿ ಎಂದು ಶೈಲಾ ಕೆಣಕಿದಳು. ಸಂಜೆಯ ಹೊತ್ತಿಗೆ ಧಾರವಾಡಕ್ಕೆ ಹೋಗಿಬಿಡೋಣ, ಈ ಊರು ನಮ್ಮದಲ್ಲ ಎಂದು ನಾನು ಹೇಳಿದೆ. ಅವಳು ಒಳಗೆ ಹೋಗಿ ಚಹಾ ಮಾಡಿದಳು.

ಮರುದಿನ ಪುಟ್ಟಜ್ಜಿಯೇ ಬಂದಳು. ಸೊಸೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು, ಅಜ್ಜಿಗೆ ಆಗ ತಿಳಿದಿತ್ತು. ತಪ್ಪಾಯಿತು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ, ಕಣ್ಣು ಮಾತ್ರ ಊದಿಕೊಂಡಿತ್ತು. ಚಪ್ಪಲಿ ಹಾಕಿಕೊ, ಮಳವಳ್ಳಿಗೆ ಹೋಗೋಣ ಎಂದಳು. ಸವಿತಾಳಿಗೆ ಕಳಿಸಿದ ಹಣ್ಣು ಅಲ್ಲಿ ಇನ್ನೂ ಹುಲ್ಲಿನಲ್ಲೇ ಇರಬೇಕು ಎಂಬುದು ಅವಳ ಲೆಕ್ಕ. ಜಯಮ್ಮ ಬೆಚ್ಚಿದರು. ತವರಿನಿಂದ ಮಗಳ ಮನೆಗೆ ಕೊಟ್ಟದ್ದನ್ನು ತಿರುಗಿ ಕೇಳುವುದುಂಟೆ? ಬೀಗರ ಮುಂದೆ ತಲೆ ಎತ್ತಿ ಓಡಾಡುವುದು ಹೇಗೆ? ಅಜ್ಜಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು.

"ಮಾವ್ನಣ್ಣುನ್ನ ಯಾರ್ ಕೇಳ್ತಾರೆ? ನಾನ್ ಕೇಳಾದು ಬುಟ್ಟಿಯ. ಬರೀ ಬುಟ್ಟಿ ಕೊಟ್ಟಾರಾ?"

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಶಿವಣ್ಣನ ವಿಷಯ ಹೇಳುತ್ತ ಬಂದಳು. ಹುಡುಗನಾಗಿದ್ದಾಗ ಊರವರ ತೋಪಿನಲ್ಲಿ ಮಾವು ಕದ್ದು ಒದೆ ತಿಂದದ್ದು, ಬುದ್ಧಿ ಬಂದ ಮೇಲೆ ಯಾರ ಮರಕ್ಕೂ ಕೈ ಹಾಕಬಾರದೆಂದು ತನ್ನದೇ ಗಿಡ ನೆಟ್ಟದ್ದು. ಎರಡೂ ಬದಿಗೆ ಕಬ್ಬು, ನಡುನಡುವೆ ನೀರು ಕಟ್ಟಿದ ಗದ್ದೆ. ನಮ್ಮ ಕಡೆಯ ಕಪ್ಪು ಹೊಲದಲ್ಲಿ ಕಣ್ಣು ಎಷ್ಟು ದೂರ ಹೋದರೂ ತಡೆಯಿಲ್ಲ. ಇಲ್ಲಿ ಕಬ್ಬು ಬೆಳೆದರೆ ಪಕ್ಕದ ಊರೂ ಕಾಣುವುದಿಲ್ಲ. ಆ ದಿನ ಮೊದಲ ಸಲ ಅದು ನನಗೆ ಉಸಿರು ಕಟ್ಟಿಸಲಿಲ್ಲ.

ಮಳವಳ್ಳಿಯಲ್ಲಿ ಸವಿತಾಳ ಅತ್ತೆ ಉಪಚಾರ ಮಾಡಿದರು. ಅಜ್ಜಿ ಮಳೆಯ ಮಾತಾಡಿದಳು, ಕರುವಿನ ಮಾತಾಡಿದಳು, ಊಟ ಮಾಡಿದಳು. ಆಮೇಲೆ ಬಾಯಿ ಒರೆಸಿಕೊಂಡು, ಮನೆಯಲ್ಲಿ ಬುಟ್ಟಿಗೆ ತಾಪತ್ರಯ ಆಗಿದೆ, ಅದನ್ನು ತೆಗೆದುಕೊಂಡು ಹೋಗಲು ಬಂದೆ ಎಂದಳು. ಒಂದು ಬುಟ್ಟಿಗಾಗಿ ಬಸ್ಸು ಹತ್ತಿ ಬಂದವಳನ್ನು ಬೀಗಿತ್ತಿ ವಿಚಿತ್ರವಾಗಿ ನೋಡಿದರು. ಆದರೂ ಒಳಗೆ ಹೋಗಿ ಬುಟ್ಟಿ ತಂದರು. ಬುಟ್ಟಿಯ ತುಂಬ ಬದನೆಕಾಯಿ.

ಅಜ್ಜಿ ಬುಟ್ಟಿಯನ್ನು ಮುಟ್ಟಲಿಲ್ಲ. "ಬದ್ನೆಕಾಯ್ ನಮ್ಮಲ್ಲೂ ಅವೆ" ಎಂದುಬಿಟ್ಟಳು.

ಬೀಗಿತ್ತಿಯ ಮುಖ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಸವಿತಾ ಅಜ್ಜಿಯ ಕಣ್ಣು ಕೋಣೆಯ ಮೂಲೆಯ ಹುಲ್ಲಿನ ಕಡೆ ಹೋಗಿ ಬರುವುದನ್ನು ನೋಡಿದಳು. ಏನಾಯಿತೆಂದು ಕೇಳಿದಳು. ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ತಾನು ಮುಚ್ಚಳ ತೆಗೆದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ನಿಮ್ಮಪ್ಪುನ್ ಎಲೆಗೆ ಇಕ್ಬೇಕಿತ್ತು ಕಣವ್ವ. ನನ್ ಕೈಯಾರೆ ಕೆಡಿಸ್ಬುಟ್ಟೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸವಿತಾ ಅಜ್ಜಿಯ ಪಕ್ಕ ಕೂತು ಅತ್ತಳು. ಬೀಗಿತ್ತಿ ಎದ್ದು ಹೋಗಿ ಹುಲ್ಲು ಸರಿಸಿದರು. ಮಕ್ಕಳು ತಿಂದು ಉಳಿದದ್ದು ಇನ್ನೂ ಗಟ್ಟಿಯಿದ್ದ ಕೆಲವೇ ಹಣ್ಣು. ಅವೆಲ್ಲವನ್ನೂ ತಂದು ಬದನೆಕಾಯಿಯ ಮೇಲೆ ಒಂದೊಂದಾಗಿ ಜೋಡಿಸಿದರು. ಬದನೆಕಾಯಿಯೂ ಇರಲಿ, ಇದು ನಮ್ಮ ಹಿತ್ತಲದು ಎಂದರು. ಕಣ್ಣೀರಿನ ನಡುವೆಯೂ ಅಜ್ಜಿ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಆ ಹಣ್ಣು ಮೂರು ಬಾಟಲಿಗೆ ಆಯಿತು. ಈ ಸಲ ಹಲಗೆಯ ಕಾಲುಗಳನ್ನು ನೀರಿನ ತಟ್ಟೆಗಳಲ್ಲಿ ಇಟ್ಟೆವು. ಅಜ್ಜಿ ಕೋಲು ಹಿಡಿದು ಹಲಗೆಯ ಮುಂದೆಯೇ ಕೂತಳು. ಬೆಕ್ಕನ್ನು ಓಡಿಸಿದಳು, ಪಕ್ಕದ ಮನೆಯವರನ್ನು ಓಡಿಸಿದಳು, ನಾನು ಹತ್ತಿರ ಹೋದರೆ ನನ್ನನ್ನೂ ಗದರಿದಳು. ಬಾಟಲಿಗಳು ಆರುತ್ತಿದ್ದಂತೆ ಒಂದರ ಮುಚ್ಚಳ ಟಕ್ಕೆಂದು ಒಳಕ್ಕೆ ಹೋಯಿತು. ಏನದು ಎಂದು ಅಜ್ಜಿ ಬೆದರಿದಳು. ಹಣ್ಣು ಬಾಗಿಲು ಹಾಕಿಕೊಂಡಿತು ಎಂದೆ. ಅವಳಿಗೆ ಅದು ಬಹಳ ಸರಿಯಾಗಿ ಅರ್ಥವಾಯಿತು.

ಆಮೇಲೆ ಮಳೆಗಾಲವಿಡೀ ಕಾಯುವ ಕೆಲಸ. ನಾನು ದಿನವೂ ಏನಾದರೊಂದು ನೆಪ ಮಾಡಿಕೊಂಡು ಹೋಗಿ ಬಾಟಲಿಗಳನ್ನು ನೋಡಿ ಬರುತ್ತಿದ್ದೆ. ಪಾಕ ತಿಳಿಯಾಗಿಯೇ ಇತ್ತು, ಮುಚ್ಚಳದ ಹೊಟ್ಟೆ ಒಳಕ್ಕೇ ಇತ್ತು. ಜಯಮ್ಮ ಕಾಫಿ ಕೊಡುತ್ತಿದ್ದರು, ಅಜ್ಜಿ ನಮ್ಮ ಕಡೆಯ ಸುದ್ದಿ ಕೇಳುತ್ತಿದ್ದಳು. ಒಮ್ಮೆ, ನಿಮ್ಮವ್ವನಿಗೆ ಎಡೆ ಇಡುತ್ತೀರಾ ಎಂದು ಕೇಳಿದಳು. ನಮ್ಮಲ್ಲಿ ಆ ಪದ್ಧತಿ ಇಲ್ಲ, ಧಾರವಾಡದಲ್ಲಿ ನನ್ನ ಅಣ್ಣ ಅವಳು ತೀರಿದ ದಿನ ಪೂಜೆ ಮಾಡಿ ನಾಲ್ಕು ಮಂದಿಗೆ ಊಟ ಹಾಕುತ್ತಾನೆ ಎಂದೆ. ಈ ವರ್ಷ ಆ ದಿನಕ್ಕೆ ನನಗೆ ಹೋಗಲು ಆಗಿರಲಿಲ್ಲ. ಅಜ್ಜಿ ಹೂಂಗುಟ್ಟಿದಳು.

ಹಬ್ಬದ ಹಿಂದಿನ ದಿನ ಓಣಿಯ ಹಿರಿಯರೊಬ್ಬರು ತಕರಾರು ತೆಗೆದರು. ಬೇಸಿಗೆಯಲ್ಲಿ ಬೇಯಿಸಿದ್ದು ಈಗ ತಂಗಳಲ್ಲವೆ? ಹಿರಿಯರಿಗೆ ತಂಗಳು ಇಕ್ಕುವುದುಂಟೆ? ಜಯಮ್ಮನ ಮುಖ ಸಣ್ಣದಾಯಿತು. ಎಡೆ ನಮ್ಮ ಮನೆಯ ಹಬ್ಬವಲ್ಲ, ನಾನು ಅಜ್ಜಿಯ ಕಡೆ ನೋಡಿದೆ. ಪುಟ್ಟಜ್ಜಿ ಎಲೆಅಡಿಕೆ ಉಗಿದು ಬಂದು ಹೇಳಿದಳು:

"ತಂಗಳು ಅಂದ್ರೆ ನಾವ್ ಉಂಡು ಉಳಿಸಿದ್ದು. ಇದು ಅವ್ನಿಗೇ ಅಂತ ಎತ್ ಮಡಗಿರಾದು. ಯಾರೂ ಮುಟ್ಟಿಲ್ಲ. ಬಾಯ್ ಮುಚ್ಕೊಂಡ್ ಓಗಯ್ಯ."

ಹಿರಿಯರು ನಕ್ಕು ಹೋದರು. ಮರುದಿನ ಅವರೇ ಎಲ್ಲರಿಗಿಂತ ಮೊದಲು ಬಂದು ಅಂಗಳದಲ್ಲಿ ಕೂತರು.

ಸವಿತಾ ಮಳವಳ್ಳಿಯಿಂದ ಬಂದಿದ್ದಳು, ಜೊತೆಗೆ ಬೀಗಿತ್ತಿಯೂ. ಶಿವಣ್ಣನ ಫೋಟೋದ ಮುಂದೆ ಎಲೆ ಹಾಕಿ, ಮುದ್ದೆ, ಸಾರು, ಕಜ್ಜಾಯ ಎಲ್ಲ ಬಡಿಸಿದರು. ಜಯಮ್ಮ ಬಾಟಲಿಯನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಜ್ಜಿಗೆ ಕೊಟ್ಟೆ. ಅವಳು ಸೆರಗನ್ನು ಮುಚ್ಚಳದ ಮೇಲೆ ಹಾಕಿ ಹಿಡಿದು, ತಿರುಗಿಸುವ ಮುಂಚೆ ನನ್ನ ಕಡೆ ನೋಡಿದಳು.

"ಈಗ್ಲಾರೂ ತಗೀಬೌದಾ?"

ತೆಗೀರಿ ಅಜ್ಜಿ ಎಂದೆ. ಮುಚ್ಚಳ ಉಸ್ಸೆಂದು ಬಿಟ್ಟುಕೊಂಡಿತು. ಮೇ ತಿಂಗಳ ಬಿಸಿಲಿನ ಘಮ ಆ ಕೋಣೆಯ ತುಂಬ ಹರಡಿತು. ಜಯಮ್ಮ ಹೋಳುಗಳನ್ನು ಒಂದೊಂದಾಗಿ ಗಂಡನ ಎಲೆಗೆ ಬಡಿಸಿದರು. ಅವಸರವಿಲ್ಲದೆ, ಎದುರು ಕೂತವರಿಗೆ ಬಡಿಸುವ ಹಾಗೆ. ಈ ಸಲ ಅವರು ಫೋಟೋದ ಮುಖವನ್ನು ನೇರವಾಗಿ ನೋಡಿದರು.

ಆಮೇಲೆ ಅಜ್ಜಿ ಇನ್ನೊಂದು ಎಲೆ ತಂದಳು. ಅವ್ವ ಮಾಂಸ ತಿನ್ನದವಳೆಂದು, ಮಾಂಸದ ಎಲೆಗೆ ತಾಗದಂತೆ ಕೋಣೆಯ ಇನ್ನೊಂದು ಗೋಡೆಯ ಬಳಿ ಹಾಸಿ, ನಿಮ್ಮವ್ವನಿಗೂ ಇಕ್ಕು ಎಂದಳು. ನಾನು ತಯಾರಿರಲಿಲ್ಲ. ಶೈಲಾ ಮನೆಗೆ ಓಡಿ ಬೆಳಿಗ್ಗೆ ಬಡಿದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದಳು. ಜಯಮ್ಮ ಅದೇ ಬಾಟಲಿಯಿಂದ ಮಾವಿನ ಹೋಳು ಹಾಕಿದರು. ಫೋಟೋ ಇರಲಿಲ್ಲ, ನನ್ನ ಫೋನಿನಲ್ಲಿದ್ದ ಅವ್ವನ ಚಿತ್ರ ತೆರೆದು ಗೋಡೆಗೆ ಒರಗಿಸಿದೆವು. ಅವ್ವ ತನ್ನ ಜೀವಮಾನದಲ್ಲಿ ದಾವಣಗೆರೆ ದಾಟಿ ಈಚೆ ಬಂದವಳಲ್ಲ. ಅವಳಿಗೆ ಈ ಊರು ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಹುಡುಗಾಟಕ್ಕೆ ಎಂಬಂತೆ ಕೇಳಿದ್ದೆ, ಆದರೆ ನಿಜಕ್ಕೂ ತಿಳಿಯಬೇಕಿತ್ತು.

"ಮಗ ಇರೋ ತಾವ್ಕೆ ದಾರಿ ಕೇಳ್ಕೊಂಡ್ ಬತ್ತಾಳೆ ಬುಡು" ಎಂದಳು ಅಜ್ಜಿ.

ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದೆವು. ಹೋದ ವರ್ಷ ಇದೇ ಬಾಗಿಲ ಮುಂದೆ ನಾನು ಪರಕೀಯನಾಗಿ ನಿಂತಿದ್ದೆ. ಈ ವರ್ಷ ಒಳಗೆ ನನ್ನವರೂ ಒಬ್ಬರಿದ್ದರು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಒಬ್ಬ ಯುವಕ ಗೇಟಿನ ಬಳಿ ನಿಂತು, ಯಾಕೆ ಎಲ್ಲ ಹೊರಗಿದ್ದೀರಿ, ಒಳಗೆ ಯಾರಿದ್ದಾರೆ ಎಂದು ಜೋರಾಗಿ ಕೇಳಿದ. ಮೆಲ್ಲಗೆ ಮಾತಾಡು, ಉಣ್ಣುತ್ತಿದ್ದಾರೆ ಎಂದು ನಾನೇ ಹೇಳಿದೆ.

ಅಜ್ಜಿ ಎದ್ದು ಬಾಗಿಲು ಬಡಿದು, ಕೆಮ್ಮಿ, ತೆರೆದಳು. ಎರಡು ಎಲೆಗಳನ್ನೂ ಬಗ್ಗಿ ನೋಡಿದಳು. ಇಟ್ಟದ್ದು ಇಟ್ಟ ಹಾಗೇ ಇತ್ತು ಎಂದು ನನಗೆ ಕಂಡಿತು. ಅವಳಿಗೆ ಹಾಗೆ ಕಾಣಲಿಲ್ಲ.

"ಇಬ್ರೂ ತಿಂದವ್ರೆ" ಎಂದಳು.

ಎರಡನೆಯ ಬಾಟಲಿ ಆ ದಿನ ಊಟಕ್ಕೆ ಕೂತವರಿಗೆ ಆಯಿತು, ಮೂರನೆಯದನ್ನು ಜಯಮ್ಮ ನನಗೇ ಕೊಟ್ಟಿದ್ದಾರೆ. ದೀಪಾವಳಿಗೆ ಬರುವಾಗ ತರುತ್ತೇನೆ. ಅಣ್ಣನ ಮನೆಯಲ್ಲಿ ಅದನ್ನು ತೆರೆದು, ಅವ್ವನ ಫೋಟೋದ ಮುಂದೆ ಎರಡು ಹೋಳು ಇಟ್ಟು, ನಮ್ಮೂರಿನ ಹಣ್ಣು ಎಂದು ಹೇಳುತ್ತೇನೆ. ಯಾವ ಊರು ಎಂದು ಅಣ್ಣ ಕೇಳಬಹುದು, ಅವ್ವ ಕೇಳಲಾರಳು. ಅವಳಿಗೂ ಈಗ ನನ್ನ ಹಾಗೆ ಎರಡು ಮನೆ.